ಗೋಡೆ ಎಲ್ಲಿ, ರಾತ್ರಿ ಎಲ್ಲಿ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದೇ ಸಂಜೆ ಇದ್ದರೆ ಎತ್ತ ಹೋಗಬೇಕು?

ಊರಿಂದ ಯಾರೇ ಬಂದರೂ ಮೊದಲ ಎರಡು ದಿನ ತಾನಾಗಿಯೇ ಕಳೆಯುತ್ತದೆ. ವಿಂಡ್‌ಮಿಲ್, ಕಾಲುವೆಯಲ್ಲಿ ದೋಣಿ ಸವಾರಿ, ವ್ಯಾನ್ ಗಾಗ್ ಮ್ಯೂಸಿಯಂ, ಚೀಸ್ ಅಂಗಡಿ. ಮೂರನೇ ದಿನ ದೊಡ್ಡವರು ಮಲಗಿದ ಮೇಲೆ ಹುಡುಗರು ಮೆಲ್ಲಗೆ ಅಡುಗೆಮನೆಗೆ ಬರುತ್ತಾರೆ. "ಅಣ್ಣಾ, ಆ ಗೋಡೆ ಮೇಲೆ ಪೇಂಟ್ ಮಾಡಿರ್ತಾರಲ್ಲ, ಅದೆಲ್ಲ ಎಲ್ಲಿ? ಹಾಗೇ ರಾತ್ರಿ ಒಂದು ರೌಂಡ್ ಹಾಕ್ಕೊಂಡು ಬರೋಣ್ವಾ?"

ನಮ್ಮ ಮನೆ ಇರುವುದು ಪಕ್ಕದ ಆಮ್‌ಸ್ಟೆಲ್ವೀನ್‌ನಲ್ಲಿ. ಈ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ನನಗೆ ಗೊತ್ತಾದದ್ದು ಇಷ್ಟು: ಒಳ್ಳೆಯ ಗೋಡೆ, ಒಳ್ಳೆಯ ರಾತ್ರಿ ಎರಡೂ ಒಂದೇ ಕಡೆ ಸಿಗುವುದು ಅಪರೂಪ. ಸ್ಪ್ರೇ ಕ್ಯಾನ್ ಹಿಡಿದವರು ಹೋಗುವುದು ಜಾಗ ಪಾಳು ಬಿದ್ದ ಕಡೆಗೆ. ಕುಡಿಯುವ, ಕುಣಿಯುವ ಜನ ಸೇರುವುದು ಹಳೆಯ ಕಾಲುವೆಗಳ ನಡುವೆ. ಆ ಕಾಲುವೆ ಸುತ್ತು 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಅಲ್ಲಿ ಮನೆಯ ಕಿಟಕಿಗೆ ಬೇರೆ ಬಣ್ಣ ಹೊಡೆಯಬೇಕಾದರೂ ಎರಡು ಸಲ ಯೋಚಿಸಬೇಕು. ಹಾಗಾಗಿ ಮೊದಲು ಗೋಡೆಯೋ ರಾತ್ರಿಯೋ ತೀರ್ಮಾನಿಸಿ. ಆಮೇಲೆ ವಾಪಸ್ ಹೇಗೆ ಬರುತ್ತೀರಿ ನೋಡಿ. ಹೋಗುವ ದಾರಿ ಎಲ್ಲರಿಗೂ ಗೊತ್ತಿರುತ್ತದೆ. ಕೈ ಕೊಡುವುದು ವಾಪಸ್ ಬರುವ ದಾರಿ.

ಗೋಡೆಯೇ ಮುಖ್ಯ ಎನ್ನುವವರಿಗೆ: ಎನ್‌ಡಿಎಸ್‌ಎಂ

ಸೆಂಟ್ರಲ್ ಸ್ಟೇಷನ್‌ನ ಹಿಂದಿನ ಬಾಗಿಲಿಂದ ಹೊರಗೆ ಬಂದರೆ ಎದುರಿಗೇ ಅಗಲವಾದ ನೀರು. ಅದರ ಹೆಸರು 'ಐ'. ದಡದಲ್ಲಿ ನೀಲಿ ಬಿಳಿ ಫೆರಿಗಳು ನಿಂತಿರುತ್ತವೆ. ಪುಕ್ಕಟೆ. ಟಿಕೆಟ್ ಯಂತ್ರ ಹುಡುಕುತ್ತಾ ನಿಲ್ಲಬೇಡಿ, ನಮ್ಮ ಮಾವ ಹತ್ತು ನಿಮಿಷ ಹುಡುಕಿದ್ದರು. ಸಿಗಂದೂರಿನ ಲಾಂಚ್ ಹತ್ತಿದವರಿಗೆ ಇದು ಹೊಸದೇನಲ್ಲ. ಮುಂದಿನ ಕಬ್ಬಿಣದ ಹಲಗೆ ದಡದ ಮೇಲೆ ಧಡ್ ಎಂದು ಬೀಳುತ್ತದೆ, ಸೈಕಲ್, ಸ್ಕೂಟರ್, ಮಕ್ಕಳ ಗಾಡಿ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಬೇರೆ ಬೇರೆ ಫೆರಿ ಬೇರೆ ಬೇರೆ ದಡಕ್ಕೆ ಹೋಗುತ್ತವೆ, ಹತ್ತುವ ಮುಂಚೆ ಬೋರ್ಡ್ ನೋಡಿ. ನಿಮಗೆ ಬೇಕಾದದ್ದು ಎನ್‌ಡಿಎಸ್‌ಎಂ. ಸುಮಾರು ಕಾಲು ಗಂಟೆಯ ಪ್ರಯಾಣ.

ಎನ್‌ಡಿಎಸ್‌ಎಂ ಅಂದರೆ ಹಿಂದೆ ಇಲ್ಲಿದ್ದ ಹಡಗು ಕಟ್ಟುವ ಕಂಪನಿಯ ಹೆಸರಿನ ಮೊದಲಕ್ಷರಗಳು. 1984ರಲ್ಲಿ ಅದು ದಿವಾಳಿಯಾಯಿತು. ಶೆಡ್ಡುಗಳು, ಕ್ರೇನು, ಹಡಗು ನೀರಿಗಿಳಿಸುವ ಇಳಿಜಾರು ಎಲ್ಲ ಹಾಗೇ ಉಳಿದವು. ಕೇಳುವವರಿಲ್ಲದ ಜಾಗಕ್ಕೆ ಕಲಾವಿದರು ಬಂದು ಕೂತರು. ಈಗ ದೊಡ್ಡ ಶೆಡ್ಡಿನ ಒಳಗೆ ಒಂದು ಪುಟ್ಟ ಊರಿನ ಹಾಗೆ ಸ್ಟುಡಿಯೋಗಳಿವೆ. ಕ್ರೇನಿನ ಮೇಲೆ ಹೋಟೆಲ್ ಇದೆ, ಕೋಣೆ ಎಷ್ಟು ಎಂದು ಕೇಳುವ ಧೈರ್ಯ ನನಗಂತೂ ಬಂದಿಲ್ಲ.

ಇಳಿದು ನಡೆಯತೊಡಗಿದರೆ ಮೊದಲು ಕಣ್ಣಿಗೆ ಬೀಳುವುದು ಆನ್ ಫ್ರಾಂಕ್ ಮುಖ. ಬ್ರೆಜಿಲ್‌ನ ಎಡುವಾರ್ಡೊ ಕೋಬ್ರಾ 2016ರಲ್ಲಿ ಬಿಡಿಸಿದ್ದು, 240 ಚದರ ಮೀಟರ್. ಹೆಸರು 'ಲೆಟ್ ಮಿ ಬಿ ಮೈಸೆಲ್ಫ್'. ಮುಖದ ಮೇಲೆ ಬಣ್ಣ ಬಣ್ಣದ ಚೌಕ, ತ್ರಿಕೋನಗಳು. ಹತ್ತಿರ ಹೋದರೆ ಬರೀ ಬಣ್ಣ, ಹಿಂದೆ ಸರಿದರೆ ಹುಡುಗಿ. ಆ ಗೋಡೆ ಇರುವುದು ಹಿಂದೆ ಬೆಸುಗೆ ಕೆಲಸ ನಡೆಯುತ್ತಿದ್ದ ಶೆಡ್ಡಿಗೆ. 2020ರ ಅಕ್ಟೋಬರ್‌ನಲ್ಲಿ ಅದರೊಳಗೆ ಸ್ಟ್ರಾಟ್ ಮ್ಯೂಸಿಯಂ ಶುರುವಾಯಿತು. ಡಚ್ ಭಾಷೆಯಲ್ಲಿ 'ಸ್ಟ್ರಾಟ್' ಅಂದರೆ ಬೀದಿ. 8,000 ಚದರ ಮೀಟರ್ ಹಾಲ್‌ನಲ್ಲಿ 150ಕ್ಕೂ ಜಾಸ್ತಿ ಕೆಲಸಗಳು, ಹೆಚ್ಚಿನವು ಮನೆಯ ಗೋಡೆಯಷ್ಟು ದೊಡ್ಡ ಕ್ಯಾನ್ವಾಸ್‌ಗಳು, ಸೂರಿನಿಂದ ತೂಗುಬಿಟ್ಟವು.

ಬೀದಿಯ ಚಿತ್ರವನ್ನು ಟಿಕೆಟ್ ಕೊಟ್ಟು ಚಾವಣಿ ಕೆಳಗೆ ನೋಡುವುದು ಸ್ವಲ್ಪ ವಿಚಿತ್ರ, ಅಲ್ವಾ? ನನಗೂ ಹಾಗೇ ಅನಿಸಿತ್ತು. ಆದರೆ ಮಳೆ ಬಂದರೆ (ಬಂದೇ ಬರುತ್ತದೆ) ಆ ಟಿಕೆಟ್ಟಿನ ಬೆಲೆ ಗೊತ್ತಾಗುತ್ತದೆ. ಬಿಸಿಲಿದ್ದರೆ ಹೊರಗಿನ ಗೋಡೆಗಳೇ ಸಾಕು. ಅಲ್ಲಿ ಬಣ್ಣದ ಮೇಲೆ ಬಣ್ಣ ಬಿದ್ದು ಎಷ್ಟು ದಪ್ಪ ಆಗಿದೆ ಎಂದರೆ, ಒಂದು ಮೂಲೆಯಲ್ಲಿ ಕಿತ್ತು ಬಂದ ಚಕ್ಕೆಯನ್ನು ತಿರುಗಿಸಿ ನೋಡಿದೆ, ಚಿರೋಟಿಯ ಹಾಗೆ ಪದರ ಪದರ. ಹಸಿರು, ಬೆಳ್ಳಿ, ಗುಲಾಬಿ, ಮತ್ತೆ ಬೆಳ್ಳಿ. ಪ್ರತಿ ಪದರವೂ ಯಾರದ್ದೋ ಒಂದು ಮಧ್ಯಾಹ್ನ. ನೀವು ಫೋಟೋದಲ್ಲಿ ನೋಡಿಕೊಂಡು ಬಂದ ಚಿತ್ರ ಇಲ್ಲಿ ಇರುತ್ತದೆ ಎಂದು ನಂಬಿಕೊಂಡು ಬರಬೇಡಿ.

ಇನ್ನು ರಾತ್ರಿ. ಇಲ್ಲೇ ಜನ ಏಮಾರುವುದು. ನೀರಿನ ಪಕ್ಕ ಪ್ಲೆಕ್ ಎಂಬ ಜಾಗ ಇದೆ, ಹಳೇ ಶಿಪ್ಪಿಂಗ್ ಕಂಟೇನರ್‌ಗಳಲ್ಲಿ ಕಟ್ಟಿದ್ದು, ಮುಂದೆ ಮರಳು ಸುರಿದು ಬೀಚ್ ಮಾಡಿದ್ದಾರೆ. ಬೇಸಿಗೆಯ ಸಂಜೆಗೆ ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಈಸ್ಟರ್ ಸುಮಾರಿಗೆ ನಡೆಯುವ ಡಿಜಿಟಿಎಲ್‌ನಂಥ ಸಂಗೀತದ ಹಬ್ಬ ಇದ್ದರೆ ಇಡೀ ಹಡಗುಕಟ್ಟೆ ನಡುಗುತ್ತದೆ. ಏನೂ ಇಲ್ಲದ ಮಂಗಳವಾರ ರಾತ್ರಿ ಹತ್ತಕ್ಕೆ ಮಾತ್ರ ಗಾಳಿ, ಕತ್ತಲೆ, ನೀವು.

ಅಂಥದ್ದೇ ಒಂದು ವಾರದ ದಿನ ನಾನು, ಚಿಕ್ಕಪ್ಪನ ಮಗ ಇಬ್ಬರೂ ಮಾತಿನಲ್ಲಿ ಮುಳುಗಿ ಕೊನೆಯ ಫೆರಿ ತಪ್ಪಿಸಿಕೊಂಡೆವು. ವಾರದ ದಿನಗಳಲ್ಲಿ ಅದು ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತದೆ. ಶುಕ್ರವಾರ, ಶನಿವಾರ ಇನ್ನೂ ತಡವಾಗಿ ಇರುತ್ತದೆ. ತಪ್ಪು ನಮ್ಮದೇ. ಮುಕ್ಕಾಲು ಗಂಟೆ ನಡೆದು ಬೌಕ್‌ಸ್ಲೋಟರ್‌ವೇಖ್ ದಡಕ್ಕೆ ಬಂದೆವು. ಅಲ್ಲಿಂದ ಸ್ಟೇಷನ್‌ಗೆ ಬರುವ ಫೆರಿ ಇಡೀ ರಾತ್ರಿ ಓಡುತ್ತದೆ, ದಾಟಲು ಐದು ನಿಮಿಷವೂ ಬೇಡ. ಅವನು ಹುಬ್ಬಳ್ಳಿಯವನು, ದಾರಿಯುದ್ದಕ್ಕೂ ಒಂದೇ ಮಾತು: "ನಾ ಹೇಳಿದ್ನಿಲ್ಲೋ ಅಣ್ಣಾ, ಹೊತ್ತಾತು ಅಂತ."

ಆ ನಡಿಗೆಯಿಂದ ಒಂದು ಉಪಕಾರ ಆಯಿತು. ಉತ್ತರದ ದಡದಲ್ಲೇ ರಾತ್ರಿ ಕಳೆಯುವ ಆಸೆ ಇದ್ದರೆ ಬೌಕ್‌ಸ್ಲೋಟರ್‌ವೇಖ್ ಕಡೆಯೇ ಇರಬೇಕು ಎಂದು ಕಾಲಿಗೆ ಗೊತ್ತಾಯಿತು. ಹಿಂದೆ ಶೆಲ್ ಕಂಪನಿಯ ಆಫೀಸಾಗಿದ್ದ ಗೋಪುರ ಅಲ್ಲಿದೆ, ಈಗ ಹೆಸರು ಆಡಮ್. ತುದಿಯಲ್ಲಿ, ನೂರು ಮೀಟರ್ ಎತ್ತರದಲ್ಲಿ, ಕಟ್ಟಡದ ಅಂಚಿನಾಚೆಗೆ ಜೀಕುವ ಉಯ್ಯಾಲೆ. ಬುಡದಲ್ಲಿ, ನೆಲದ ಕೆಳಗೆ, 2016ರಿಂದ ಇರುವ ಶೆಲ್ಟರ್ ಕ್ಲಬ್. ಟೆಕ್ನೋ ಸಂಗೀತ ಇಷ್ಟ ಇದ್ದರೆ ಮಾತ್ರ ಇಳಿಯಿರಿ. ಇಲ್ಲಿನ ಕ್ಲಬ್‌ಗಳಿಗೆ ಜನ ಬರುವುದೇ ರಾತ್ರಿ ಒಂದರ ಮೇಲೆ. ಹನ್ನೊಂದಕ್ಕೇ ಹೋದರೆ ಖಾಲಿ ಮದುವೆ ಮಂಟಪದಲ್ಲಿ ನಿಂತ ಹಾಗಿರುತ್ತದೆ. ಕೆಲವು ಕಡೆ ಬಾಗಿಲಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ರೀಲ್ಸ್ ಮಾಡುವವರು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ರಾತ್ರಿಯೇ ಮುಖ್ಯ ಎನ್ನುವವರಿಗೆ: ಕಾಲುವೆಗಳ ಒಳಗೆ

ಊರ ನಡುವೆ ಗ್ರಾಫಿಟಿ ನೋಡಬೇಕು ಎಂದರೆ ಹಳೆಯ ಗೈಡ್‌ಗಳೆಲ್ಲ ಸ್ಪೌಸ್ಟ್ರಾಟ್ ಎಂದು ಹೇಳುತ್ತವೆ. ಅದನ್ನು ನಂಬಿಕೊಂಡು ಹೋಗಬೇಡಿ. ಖಾಲಿ ಬಿದ್ದ ಕಟ್ಟಡಕ್ಕೆ ಹೊಕ್ಕು ವಾಸ ಮಾಡುವುದಕ್ಕೆ ಇಲ್ಲಿ 'ಕ್ರಾಕೆನ್' ಎನ್ನುತ್ತಾರೆ. 80ರ ದಶಕದಲ್ಲಿ ಅದು ದೊಡ್ಡ ಚಳವಳಿಯೇ ಆಗಿತ್ತು. ಈ ಬೀದಿಯ ಒಂದು ಕಟ್ಟಡದ ಮುಖದ ಮೇಲೆ ದೊಡ್ಡ ಹಾವು ಹರಿದಿತ್ತು, ಜನ 'ಹಾವಿನ ಮನೆ' ಎಂದೇ ಕರೆಯುತ್ತಿದ್ದರು. 2010ರ ಅಕ್ಟೋಬರ್ 1ರಿಂದ ಕ್ರಾಕೆನ್ ಅಪರಾಧವಾಯಿತು. 2015ರಲ್ಲಿ ಪೊಲೀಸರು ಆ ಮನೆ ಖಾಲಿ ಮಾಡಿಸಿದರು. ಹಾವೂ ಹೋಯಿತು. ಅದೇ ಬೀದಿಯಲ್ಲಿ ವ್ರಾಂಕ್ರೈಕ್ ಮಾತ್ರ ಬಣ್ಣ ಹೊದ್ದುಕೊಂಡು ಇನ್ನೂ ನಿಂತಿದೆ. ಅಲ್ಲಿದ್ದವರು ಕಟ್ಟಡವನ್ನು ಕೊಂಡುಕೊಂಡಿದ್ದರಿಂದ ಉಳಿಯಿತು. ಕೆಳಗೆ ಸ್ವಯಂಸೇವಕರೇ ನಡೆಸುವ ಕೆಫೆ ಇದೆ.

ಹಾಗಾಗಿ ಇಲ್ಲಿ ಚಿತ್ರವನ್ನು ಹುಡುಕಿಕೊಂಡು ಹೋಗುವುದಕ್ಕಿಂತ, ನಡೆಯುತ್ತಾ ಸಿಕ್ಕಷ್ಟು ನೋಡುವುದು ಮೇಲು. ಕಟ್ಟಡ ರಿಪೇರಿಗೆ ಹಾಕಿದ ಹಲಗೆಗಳ ಮೇಲೆ ಕಪ್ಪು ಅಕ್ಷರದಲ್ಲಿ ಒಂದೇ ಸಾಲಿನ ಇಂಗ್ಲಿಷ್ ಬರಹ ಕಂಡರೆ ಕೆಳಗೆ ಸಹಿ ನೋಡಿ: ಲೇಸರ್ 3.14. ಯಾರೆಂದು ಮುಖ ತೋರಿಸದ ಬೀದಿ ಕವಿ. ಕೆಲಸ ಮುಗಿದು ಹಲಗೆ ತೆಗೆದರೆ ಕವಿತೆಯೂ ಹೋಯಿತು. ಮೂಲೆ ಮನೆಗಳ ಮೇಲ್ಭಾಗದಲ್ಲಿ ಹಳೆಯ ವಿಡಿಯೋ ಗೇಮಿನ ಗೊಂಬೆಯಂಥ ಮೊಸಾಯಿಕ್ ಕಂಡರೆ ಅದು ಫ್ರಾನ್ಸಿನ ಇನ್ವೇಡರ್ ಕೈಚಳಕ. ಗುಂಡು ತಲೆಯ, ನಗುಮುಖದ ಕಪ್ಪು ಗೆರೆಯ ಬೊಂಬೆಗಳು ದಿ ಲಂಡನ್ ಪೊಲೀಸ್ ಎಂಬ ಜೋಡಿಯದು. ಹೆಸರು ಲಂಡನ್ ಆದರೂ 1998ರಲ್ಲಿ ಅವರು ಶುರು ಮಾಡಿದ್ದು ಇಲ್ಲೇ.

ಗೋಡೆಯಲ್ಲಿ ಕಳೆದುಕೊಂಡದ್ದನ್ನು ಈ ಭಾಗ ರಾತ್ರಿಯಲ್ಲಿ ತುಂಬಿಕೊಡುತ್ತದೆ. ಶುರು ಮಾಡಬೇಕಾದದ್ದು 'ಬ್ರೌನ್ ಕೆಫೆ'ಯಿಂದ. ನೂರಾರು ವರ್ಷದ ತಂಬಾಕಿನ ಹೊಗೆ ಹಿಡಿದು ಗೋಡೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿರುವ ಪಡಖಾನೆಗಳಿವು. ಯೋರ್ಡಾನ್ ಬಡಾವಣೆಯ ಕೆಫೆ ಕ್ರಿಸ್ 1624ರದ್ದು, ಸ್ಪೌ ಚೌಕದ ಹೋಪ್ಪೆ 1670ರದ್ದು. ಜನ ಗ್ಲಾಸ್ ಹಿಡಿದುಕೊಂಡು ಬೀದಿಗೇ ಬಂದು ನಿಂತಿರುತ್ತಾರೆ. ಡಾಮ್ ಚೌಕದ ಹಿಂದಿನ ಗಲ್ಲಿಯಲ್ಲಿ ವೈನಾಂಡ್ ಫೋಕಿಂಕ್ ಇದೆ, 1679ರಿಂದ. ಯೆನೇವರ್ ಎಂಬ ಇಲ್ಲಿನ ಮದ್ಯವನ್ನು ಟ್ಯುಲಿಪ್ ಆಕಾರದ ಪುಟ್ಟ ಗ್ಲಾಸಿಗೆ ಕಂಠಪೂರ್ತಿ ಸುರಿಯುತ್ತಾರೆ. ಎತ್ತಿದರೆ ಚೆಲ್ಲುತ್ತದೆ. ಕೈ ಹಿಂದೆ ಕಟ್ಟಿಕೊಂಡು, ಕಟ್ಟೆಗೆ ಬಾಗಿ, ಮೊದಲ ಗುಟುಕನ್ನು ಹೀರಬೇಕು. ಸೂಟು ಹಾಕಿದವನೂ ಬಾಗಲೇಬೇಕು. ಈ ಅಂಗಡಿ ಬೇಗ ಮುಚ್ಚುತ್ತದೆ, ಸಂಜೆಯ ಮೊದಲ ಕೆಲಸವಾಗಿ ಇಟ್ಟುಕೊಳ್ಳಿ.

ಸಂಗೀತಕ್ಕೆ ಲೈಡ್ಸೆಪ್ಲೈನ್ ಚೌಕದ ಕಡೆ. ಪಾರಾಡಿಸೋ ಹಿಂದೆ ಚರ್ಚ್ ಆಗಿತ್ತು, 1968ರಿಂದ ಸಂಗೀತದ ಮನೆ. ವೇದಿಕೆಯ ಹಿಂದೆ ಚರ್ಚಿನ ಎತ್ತರದ ಕಿಟಕಿಗಳು ಈಗಲೂ ಇವೆ. ಪಕ್ಕದಲ್ಲೇ ಮೆಲ್ಕ್‌ವೇಖ್, 1970ರಲ್ಲಿ ಹಳೆಯ ಹಾಲಿನ ಡೈರಿಯಲ್ಲಿ ಶುರುವಾದದ್ದು. ಎರಡಕ್ಕೂ ಟಿಕೆಟ್ ಮೊದಲೇ ತೆಗೆದುಕೊಳ್ಳಿ. ರೆಂಬ್ರಾಂಟ್‌ಪ್ಲೈನ್ ಬಗ್ಗೆ ಕೇಳುತ್ತೀರಾ? ದೀಪ ಜಾಸ್ತಿ, ಬೇರೆ ಊರಿನ ಬ್ಯಾಚುಲರ್ ಪಾರ್ಟಿಗಳು ಇನ್ನೂ ಜಾಸ್ತಿ. ದಾಟಿ ಹೋಗಿ.

ಡೆ ವಾಲೆನ್, ಅಂದರೆ ಕೆಂಪು ದೀಪದ ಬೀದಿಗಳನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದು ಜನ ಕೆಲಸ ಮಾಡುವ ಜಾಗ, ನೋಡುವ ಜಾಗ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಹೋದರೂ ಕಿಟಕಿಗಳತ್ತ ಕ್ಯಾಮೆರಾ ಎತ್ತಬೇಡಿ. 2023ರ ಮೇ ತಿಂಗಳಿಂದ ಅಲ್ಲಿ ಬೀದಿಯಲ್ಲಿ ಗಾಂಜಾ ಸೇದಿದರೆ 100 ಯೂರೋ ದಂಡ. ಹೊಸಬರಿಗೆ ಇನ್ನೊಂದು ಮಾತು: ಇಲ್ಲಿ 'ಕಾಫಿಶಾಪ್' ಅಂದರೆ ಗಾಂಜಾ ಅಂಗಡಿ. ಕಾಫಿ ಬೇಕಿದ್ದರೆ ಕೆಫೆಗೆ ಹೋಗಿ. ನಮ್ಮ ಅತ್ತೆ ಬೋರ್ಡ್ ನೋಡಿ ಒಳಗೇ ಹೋಗಿಬಿಟ್ಟಿದ್ದರು, ಒಂದು ನಿಮಿಷದಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದರು.

ಸಸ್ಯಾಹಾರಿಗಳಿಗೆ ಈ ಭಾಗದಲ್ಲಿ ರಾತ್ರಿ ಹೊಟ್ಟೆ ತುಂಬಿಸುವುದು ಒಂದು ವಿದ್ಯೆ. ಬಿಯರ್ ಜೊತೆ ಎಲ್ಲರೂ ತರಿಸುವ ಬಿಟರ್‌ಬಾಲೆನ್ ನೋಡಲು ನಮ್ಮ ಬೋಂಡದ ಹಾಗೇ ಇರುತ್ತದೆ, ಒಳಗೆ ಮಾತ್ರ ದನದ ಮಾಂಸ. ಕೇಳಿ ತಿನ್ನಿ. ರಾತ್ರಿ ಒಂದರ ಹೊತ್ತಿಗೆ ನಮ್ಮನ್ನು ಕಾಪಾಡುವುದು ಫೇಬೋ. ಗೋಡೆ ತುಂಬ ಸಣ್ಣ ಸಣ್ಣ ಗಾಜಿನ ಬಾಗಿಲು, ಒಂದೊಂದರ ಹಿಂದೆ ಒಂದೊಂದು ಬಿಸಿ ತಿಂಡಿ. ದುಡ್ಡು ಕೊಟ್ಟರೆ ಬಾಗಿಲು ತೆರೆಯುತ್ತದೆ. ಕಾಸ್‌ಸೂಫ್ಲೇ ತೆಗೆದುಕೊಳ್ಳಿ, ಕರಿದ ಹೊದಿಕೆಯೊಳಗೆ ಚೀಸ್. ತಕ್ಷಣ ಕಚ್ಚಬೇಡಿ. ಆ ಚೀಸ್ ನಾಲಿಗೆಗೆ ಅಂಟಿಕೊಂಡರೆ ಎರಡು ದಿನ ಸಾರಿನ ರುಚಿ ಗೊತ್ತಾಗುವುದಿಲ್ಲ.

ಎರಡೂ ಸ್ವಲ್ಪ ಸ್ವಲ್ಪ: ಪಶ್ಚಿಮದ ಕಡೆ

ಇದು ಎರಡನೇ ಸಲ ಬಂದವರಿಗೆ. ಪಶ್ಚಿಮದಲ್ಲಿ ತರಕಾರಿ, ದಿನಸಿಯ ಸಗಟು ಮಾರುಕಟ್ಟೆ ಇದೆ. ಅಲ್ಲಿನ ಒಂದು ಇಟ್ಟಿಗೆ ಕಟ್ಟಡ 1986ರಲ್ಲಿ ಸ್ಟೆಡೆಲಿಕ್ ಮ್ಯೂಸಿಯಂನ ಉಗ್ರಾಣವಾಗಿತ್ತು. ಪ್ರದರ್ಶನಕ್ಕೆಂದು ಬಂದಿದ್ದ ನ್ಯೂಯಾರ್ಕಿನ ಕೀತ್ ಹೇರಿಂಗ್ ಅದರ ಗೋಡೆಯ ಮೇಲೆ 12 ಮೀಟರ್ ಎತ್ತರದ ಚಿತ್ರ ಬಿಡಿಸಿದರು. ಬಿಳಿ ಗೆರೆಯ ಒಂದು ವಿಚಿತ್ರ ಪ್ರಾಣಿ, ಅದರ ಮೇಲೆ ಸವಾರಿ ಮಾಡುವ ಮನುಷ್ಯ. ಆಮೇಲೆ ಒಳಗಿನ ತಾಪಮಾನ ಕಾಪಾಡಲು ಗೋಡೆಗೆ ಅಲ್ಯೂಮಿನಿಯಂ ತಗಡು ಹೊಡೆದರು. ಹೇರಿಂಗ್ 1990ರಲ್ಲಿ ತೀರಿಕೊಂಡರು. ಚಿತ್ರ ತಗಡಿನ ಹಿಂದೆ ಮೂರು ದಶಕ ಕೂತಿತ್ತು. 2018ರಲ್ಲಿ ತಗಡು ಬಿಚ್ಚಿದಾಗ ಹಾಗೇ ಹೊರಗೆ ಬಂತು. ಎನ್‌ಡಿಎಸ್‌ಎಂನ ನೂರು ಚಿತ್ರಕ್ಕಿಂತ ಈ ಒಂದು ಗೋಡೆ ನನಗೆ ಇಷ್ಟ. ಲಾರಿಗಳು ಟೊಮೆಟೊ ಇಳಿಸುವ ಜಾಗದಲ್ಲಿ, ಯಾವ ಗದ್ದಲವೂ ಇಲ್ಲದೆ ನಿಂತಿದೆ.

ಇನ್ನೂ ಮುಂದೆ, ಟ್ರಾಮ್ 13 ಹಿಡಿದರೆ ನ್ಯೂ ವೆಸ್ಟ್ ಬಡಾವಣೆ. ಅಲ್ಲಿ ಜನ ವಾಸ ಮಾಡುವ ಫ್ಲಾಟುಗಳ ಪಕ್ಕದ ಗೋಡೆಗಳನ್ನೇ ಸೇರಿಸಿ 'ಸ್ಟ್ರೀಟ್ ಆರ್ಟ್ ಮ್ಯೂಸಿಯಂ ಆಮ್‌ಸ್ಟರ್‌ಡ್ಯಾಮ್' ಎಂದು ಕರೆಯುತ್ತಾರೆ. ಚಾವಣಿ ಇಲ್ಲ, ಬಾಗಿಲಿಲ್ಲ. ಕರೆದುಕೊಂಡು ಹೋಗುವವರ ಜೊತೆ ಹೋದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಗೋಡೆಯ ನಡುವೆ ಬರೀ ಪಾರ್ಕಿಂಗ್ ನೋಡುತ್ತಾ ನಡೆಯಬೇಕು.

ರಾತ್ರಿಗೆ ಓವರ್‌ಟೋಮ್ ಬೀದಿಯ 301ನೇ ನಂಬರ್. ಇಲ್ಲಿನವರು ಓಟಿ301 ಎನ್ನುತ್ತಾರೆ. ಹಿಂದೆ ಫಿಲ್ಮ್ ಅಕಾಡೆಮಿ ಇದ್ದ ಕಟ್ಟಡ. 1999ರಲ್ಲಿ ಕ್ರಾಕೆನ್ ಮಾಡಿ ಹೊಕ್ಕವರು, 2006ರಲ್ಲಿ ಅದನ್ನು ಕೊಂಡುಕೊಂಡರು. ಒಳಗೆ ಸಿನಿಮಾ, ಸಂಗೀತ, ಜೊತೆಗೆ ಡೆ ಪೇಪರ್ ಎಂಬ ವೀಗನ್ ಅಡುಗೆಮನೆ. ವಾರದ ಕೆಲವು ದಿನ ಮಾತ್ರ ಊಟ, ಮೊದಲೇ ನೋಡಿಕೊಂಡು ಹೋಗಿ. ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲ ಸ್ವಯಂಸೇವಕರೇ. ಅಪರಿಚಿತರ ಜೊತೆ ಉದ್ದ ಮೇಜಿನಲ್ಲಿ ಕೂತು ಊಟ. ಪಂಕ್ತಿಯ ಅಭ್ಯಾಸ ಇರುವವರಿಗೆ ಮುಜುಗರ ಆಗುವುದಿಲ್ಲ.

ಊರೇ ಬದಲಿಸಿದರೆ: ಉಟ್ರೆಕ್ಟ್

ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಇಲ್ಲಿನ ಕಾಲುವೆ ಬೇರೆ ಥರ. ಔಡೆಖ್ರಾಖ್ಟ್‌ನಲ್ಲಿ ಬೀದಿ ಮೇಲಿದೆ, ನೀರು ಕೆಳಗಿದೆ, ನಡುವೆ ನೀರಿನ ಮಟ್ಟಕ್ಕೆ ಇನ್ನೊಂದು ಕಟ್ಟೆ. ದೋಣಿಯಿಂದ ಸರಕು ಇಳಿಸಿ ಮನೆಯ ಕೆಳಗಿನ ನೆಲಮಾಳಿಗೆಗೆ ನೇರ ಒಯ್ಯುತ್ತಿದ್ದ ಮಧ್ಯಯುಗದ ಏರ್ಪಾಡು. ಈಗ ಆ ಮಾಳಿಗೆಗಳಲ್ಲಿ ಹೋಟೆಲು, ಬಾರು. ರಾತ್ರಿ ಕೆಳಗಿನ ಕಟ್ಟೆಯಲ್ಲಿ ಕೂತರೆ ಬೀದಿಯ ಸದ್ದು ತಲೆಯ ಮೇಲಿಂದ ಹೋಗುತ್ತದೆ.

ಇಲ್ಲಿನ ಗೋಡೆಗಳು ಊರ ಜನರಿಗೆ ಹತ್ತಿರ. ಮಿಮೋಸಾಸ್ಟ್ರಾಟ್‌ನ ಮೂಲೆ ಮನೆಗೆ 2019ರಲ್ಲಿ ಯಾನ್ ಇಸ್ ಡೆ ಮಾನ್, ಡೀಫ್ ಫೀಡ್ ಎಂಬ ಇಬ್ಬರು ಕಲಾವಿದರು ಪುಸ್ತಕದ ಕಪಾಟು ಬಿಡಿಸಿದ್ದಾರೆ. ಯಾವ ಪುಸ್ತಕ ಇಡಬೇಕು ಎಂದು ಅಕ್ಕಪಕ್ಕದ ಮನೆಯವರನ್ನೇ ಕೇಳಿದರು. ಆ ಕಡೆ ಬೇರೆ ಬೇರೆ ದೇಶದ ಜನ ಇರುವುದರಿಂದ ಕಪಾಟಿನಲ್ಲಿ ಹಲವು ಭಾಷೆಗಳಿವೆ. ಕನ್ನಡ ಇಲ್ಲ, ನಾನು ಒಂದೊಂದೇ ಬೆನ್ನು ಓದಿ ನೋಡಿದೆ. ಊರಿಡೀ ಚೂಪು ಟೋಪಿಯ ಪುಟ್ಟ ಬೊಂಬೆಯೊಂದು ಗೋಡೆ, ಸೇತುವೆ, ಶಟರ್ ಮೇಲೆ ಇಣುಕುತ್ತಿರುತ್ತದೆ. ಉಟ್ರೆಕ್ಟಿನವರಿಗೆ ಅದು ಮನೆಯ ಮಗು ಇದ್ದ ಹಾಗೆ, ಹೆಸರು ಕಬೌಟರ್.

ಎಲ್ಲಕ್ಕಿಂತ ಚೆಂದದ್ದು ಗೋಡೆಯಲ್ಲಿಲ್ಲ, ಕಾಲಡಿಯಲ್ಲಿದೆ. ಔಡೆಖ್ರಾಖ್ಟ್ ಪಕ್ಕದ ನೆಲಗಲ್ಲುಗಳಲ್ಲಿ 2012ರಿಂದ ಒಂದು ಕವಿತೆ ಬೆಳೆಯುತ್ತಿದೆ. ವಾರಕ್ಕೆ ಒಂದೇ ಅಕ್ಷರ. ಪ್ರತಿ ಶನಿವಾರ ಮಧ್ಯಾಹ್ನ 1ರಿಂದ 2ರ ನಡುವೆ ಕಲ್ಲುಕುಟಿಗ ಬಂದು, ಮೊಣಕಾಲೂರಿ, ಉಳಿಯಿಂದ ಅಕ್ಷರ ಕೆತ್ತುತ್ತಾರೆ. ಮುಂದಿನ ಕಲ್ಲು ಖಾಲಿ. ಆ ಪದ ಏನಾಗಬಹುದು ಎಂದು ತಿಳಿಯಲು ಒಂದು ತಿಂಗಳು ಕಾಯಬೇಕು.

ರಾತ್ರಿಗೆ ಟಿವೋಲಿಫ್ರೆಡೆನ್‌ಬರ್ಖ್. 2014ರಲ್ಲಿ ತೆರೆದ ಈ ಕಟ್ಟಡದಲ್ಲಿ ಒಂದರ ಮೇಲೊಂದು ಸಭಾಂಗಣಗಳಿವೆ, ಕೆಳಗೆ ಸಿಂಫನಿ ನಡೆಯುವಾಗ ಮೇಲೆ ಜಾಝ್. ಕುಡಿಯಲು ಕೆಫೆ ಒಲಿವಿಯರ್. ಹಿಂದೆ ಕ್ಯಾಥಲಿಕರು ಗುಟ್ಟಾಗಿ ಪ್ರಾರ್ಥನೆ ಮಾಡುತ್ತಿದ್ದ ಚರ್ಚು, ಬಿಯರ್ ಹೀರುವವರ ತಲೆಯ ಮೇಲೆ ಆರ್ಗನ್ ಇನ್ನೂ ಇದೆ. ಬೆಳಗಿನ ಜಾವದವರೆಗೆ ಕುಣಿಯುವ ಆಸೆ ಇದ್ದವರಿಗೆ ಉಟ್ರೆಕ್ಟ್ ಸ್ವಲ್ಪ ಸಪ್ಪೆ ಅನಿಸಬಹುದು. ಆದರೆ ವಾಪಸ್ ಬರುವ ಚಿಂತೆ ಇಲ್ಲವೇ ಇಲ್ಲ: ಉಟ್ರೆಕ್ಟ್, ಆಮ್‌ಸ್ಟರ್‌ಡ್ಯಾಮ್, ಸ್ಕಿಪೋಲ್, ಲೈಡನ್, ಹೇಗ್, ರಾಟರ್‌ಡ್ಯಾಮ್ ನಡುವೆ ಇಡೀ ರಾತ್ರಿ ಗಂಟೆಗೊಂದು ರೈಲು.

ಲೈಡನ್ ಹೆಸರು ಬಂತಲ್ಲ. ಅದು ಓದುವವರ ಊರು. 1992ರಲ್ಲಿ ರಷ್ಯನ್ ಕವಯಿತ್ರಿ ತ್ಸ್ವೆತಾಯೆವಾ ಕವಿತೆಯಿಂದ ಶುರುಮಾಡಿ, 2005ರ ಹೊತ್ತಿಗೆ ಊರ ಗೋಡೆಗಳ ಮೇಲೆ 101 ಕವಿತೆಗಳನ್ನು ಆಯಾ ಭಾಷೆಯ ಲಿಪಿಯಲ್ಲೇ ಬರೆದಿದ್ದಾರೆ. ಆಮೇಲೆ ಭೌತಶಾಸ್ತ್ರದ ಸೂತ್ರಗಳನ್ನೂ ಬರೆದರು, ಐನ್‌ಸ್ಟೈನ್‌ನದ್ದೂ ಒಂದಿದೆ. ಹಗಲಿಗೆ ಬಹಳ ಚೆನ್ನ. ರಾತ್ರಿಗೆ ಎರಡು ಬಿಯರ್, ಒಂದು ರೈಲು, ಅಷ್ಟೇ.

ಹೊರಡುವ ಮುಂಚೆ

ತಿಂಗಳು ನೋಡಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಊಟ ಮುಗಿಸಿಯೂ ಗೋಡೆ ನೋಡಬಹುದು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲೆ. ಆಗ ಎನ್‌ಡಿಎಸ್‌ಎಂಗೆ ಮಧ್ಯಾಹ್ನ ಒಂದಕ್ಕೇ ಹೋಗಿ, ಇಲ್ಲವೇ ಕಾಲುವೆಗಳ ಮೇಲೆ ನಡೆಯುವ ಬೆಳಕಿನ ಹಬ್ಬ ನೋಡಿಕೊಂಡು ಊರೊಳಗೇ ಇರಿ. ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಡ್ಯಾನ್ಸ್ ಇವೆಂಟ್ ನಡೆಯುವ ವಾರ ಕುಣಿಯುವವರಿಗೆ ಹಬ್ಬ, ಹೋಟೆಲ್ ಹುಡುಕುವವರಿಗೆ ಕಷ್ಟ. ಸಾಲದ್ದಕ್ಕೆ ಕೋಣೆ ಬಾಡಿಗೆಯ ಮೇಲೆ ಇಲ್ಲಿ 12.5% ಪ್ರವಾಸಿ ತೆರಿಗೆ ಇದೆ.

ದೊಡ್ಡ ಚಿತ್ರ ಪೂರ್ತಿ ಫೋಟೋದಲ್ಲಿ ಬರಲಿ ಎಂದು ಹಿಂದೆ ಹಿಂದೆ ಹೆಜ್ಜೆ ಇಡುವಾಗ ಕೆಂಪು ಡಾಂಬರಿನ ಮೇಲೆ ಕಾಲಿಟ್ಟಿರೋ, ಅದು ಸೈಕಲ್ ದಾರಿ. ಗಂಟೆ ಬಾರಿಸುತ್ತಾರೆ, ಬ್ರೇಕ್ ಹಾಕುವುದಿಲ್ಲ. ಹೆಣ್ಣುಮಕ್ಕಳು ಕೆಫೆಯಿಂದ ಹೊರಡುವ ಮುಂಚೆ ಟಾಯ್ಲೆಟ್ ಮುಗಿಸಿಕೊಳ್ಳುವುದು ಒಳ್ಳೆಯದು. ಕಾಲುವೆ ಪಕ್ಕದಲ್ಲಿ ಕಾಣುವ, ಹಸಿರು ಕಬ್ಬಿಣದ ಸುರುಳಿಯಂಥ ಮೂತ್ರಾಲಯಗಳು ಗಂಡಸರಿಗೆ ಮಾತ್ರ.

ಒಂದೇ ಸಂಜೆ ಇದ್ದರೆ ನಾನು ಹೇಳುವುದು ಇದು: ಮೂರಕ್ಕೆ ಎನ್‌ಡಿಎಸ್‌ಎಂ, ಏಳರ ಫೆರಿಯಲ್ಲಿ ವಾಪಸ್, ಉಳಿದದ್ದು ಯೋರ್ಡಾನ್‌ನ ಕೆಫೆಗಳಲ್ಲಿ. ಎರಡನೇ ಸಂಜೆ ಸಿಕ್ಕರೆ ಉಟ್ರೆಕ್ಟ್.

ಮುಂದಿನ ತಿಂಗಳು ಅಕ್ಕ, ಭಾವ ಬರುತ್ತಿದ್ದಾರೆ. ಭಾವ ಕುಡಿಯುವುದಿಲ್ಲ, ಹತ್ತಕ್ಕೆ ನಿದ್ದೆ ಬರುತ್ತದೆ, ಆದರೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವರು. ಅವರಿಗೆ ಶನಿವಾರ ಬೆಳಗಿನ ಉಟ್ರೆಕ್ಟ್ ರೈಲನ್ನೇ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಒಂದರೊಳಗೆ ಆ ಕಲ್ಲಿನ ಹತ್ತಿರ ಇರಬೇಕು.